ಹೆದ್ದಾರಿ ಬದಿಯ ಕಳೆಯೊಂದು ದೇಶದ ಸಸ್ಯಪಟ್ಟಿಗೆ ಸೇರುವ ಹಾದಿ

ಒಂದು ಗಿಡ ಇಲ್ಲಿದೆ ಎಂದು ತೋರಿಸಲು ಒಂದು ಹಾಳೆ ಸಾಕು. ಬೇರು ಸಮೇತ ಕಿತ್ತು, ಒತ್ತಿ ಒಣಗಿಸಿ, ವಿವರದ ಚೀಟಿ ಅಂಟಿಸಿ, ಒಣಗಿಸಿದ ಗಿಡಗಳ ಸಂಗ್ರಹಾಲಯವಾದ ಹರ್ಬೇರಿಯಂಗೆ ಒಪ್ಪಿಸಿದರೆ ಯಾರು ಬೇಕಾದರೂ ಬಂದು ಪರೀಕ್ಷಿಸಬಹುದು. ಈ ದೇಶದಲ್ಲಿ ಇದಕ್ಕೆ ಮೊದಲು ಅದನ್ನು ಯಾರೂ ದಾಖಲಿಸಿಲ್ಲ ಎಂದು ಹೇಳಲು ಹೊರಟಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಕೈಯಲ್ಲಿರುವ ಗಿಡವನ್ನು ನೋಡುವುದು ಬೇಗ ಮುಗಿಯುತ್ತದೆ. ಬೇರೆಯವರು ನೂರು, ನೂರೈವತ್ತು ವರ್ಷಗಳಿಂದ ನೋಡಿ ಬರೆದಿಟ್ಟದ್ದನ್ನು, ಕಿತ್ತು ಒಣಗಿಸಿಟ್ಟದ್ದನ್ನು, ಬೇರೆ ಹೆಸರಿನಲ್ಲಿ ಕಪಾಟು ಸೇರಿಸಿದ್ದನ್ನು ನೋಡಿ ಮುಗಿಸುವುದು ಮಾತ್ರ ಬೇಗ ಆಗುವುದಿಲ್ಲ.

ಚಿತ್ರದುರ್ಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಅಂಥ ಒಂದು ಕೆಲಸದ ಕೊನೆಯ ಹಂತದಲ್ಲಿದ್ದೇನೆ. ನಮ್ಮ ಲೇಖನ ಸಂಶೋಧನಾ ಪತ್ರಿಕೆಯೊಂದರ ವಿಮರ್ಶಕರ ಬಳಿಯಿಂದ ತಿದ್ದುಪಡಿಗೆ ಬಂದು ಮತ್ತೆ ಹೋಗಿದೆ. ಅದು ಅಚ್ಚಾಗುವ ತನಕ ಪ್ರಭೇದದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕುಲವನ್ನು ಹೇಳಬಹುದು: ಯುಫೋರ್ಬಿಯಾ. ನಮ್ಮ ಹೊಲದ ಬೇಲಿಯಲ್ಲಿರುವ ಕಳ್ಳಿಯೂ ಅದೇ ಕುಲ, ಡಿಸೆಂಬರಿನಲ್ಲಿ ಕೆಂಪೆಲೆ ಬಿಟ್ಟು ಕುಂಡದಲ್ಲಿ ಮಾರಾಟಕ್ಕೆ ಬರುವ ಪಾಯಿನ್‌ಸೆಟಿಯಾ ಕೂಡ ಅದೇ ಕುಲ. ನಮ್ಮ ಗಿಡ ಇವೆರಡರ ಹಾಗೆ ಎದ್ದು ಕಾಣುವುದಿಲ್ಲ. ನೆಲಕ್ಕಂಟಿ ವೃತ್ತಾಕಾರವಾಗಿ ಹರಡುತ್ತದೆ, ಎಲೆ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ, ಚಿವುಟಿದರೆ ಬಿಳಿ ಹಾಲು ಒಸರುತ್ತದೆ.

ಅದು ನನ್ನ ಕೈಗೆ ಬಂದದ್ದು ವಿದ್ಯಾರ್ಥಿನಿಯೊಬ್ಬಳ ಮೂಲಕ. ಯುಫೋರ್ಬಿಯೇಸಿ ಕುಟುಂಬದ ಪ್ರಾಯೋಗಿಕ ತರಗತಿಗೆ ಯಾವುದಾದರೂ ಗಿಡ ತರಲು ಪ್ರತಿ ವರ್ಷ ಹೇಳುತ್ತೇನೆ. ಬಹುಪಾಲು ಮಕ್ಕಳು ಹರಳು ಗಿಡವನ್ನೋ ಮನೆಯಂಗಳದ ಕ್ರೋಟನ್ನನ್ನೋ ತರುತ್ತಾರೆ. ಒಬ್ಬಿಬ್ಬರು ಕಿರುನೆಲ್ಲಿ ತರುತ್ತಾರೆ, ಅದು ಈಗ ಫಿಲಾಂತೇಸಿ ಎಂಬ ಬೇರೆ ಕುಟುಂಬಕ್ಕೆ ಹೋಗಿದೆ ಎಂದು ಆಗ ವಿವರಿಸುತ್ತೇನೆ. ಆ ಹುಡುಗಿ ತಂದದ್ದು ಭರಮಸಾಗರದ ಕಡೆ ಹೆದ್ದಾರಿ ಪಕ್ಕದಲ್ಲಿರುವ ತನ್ನ ನೆಂಟರ ನರ್ಸರಿಯ ಕುಂಡದಿಂದ ಕಿತ್ತ ಕಳೆಯನ್ನು. ಹುಬ್ಬೆ ಮಳೆ ಮುಗಿದು ಉತ್ತರೆ ಹಿಡಿದಿತ್ತು. ಬರ, ಬಂಡೆ, ಬಿಸಿಲು ಎಂದು ಮಾತ್ರ ನಮ್ಮ ಜಿಲ್ಲೆಯನ್ನು ಬಲ್ಲವರು ಆ ದಿನಗಳಲ್ಲಿ ಇಲ್ಲಿಗೆ ಬರಬೇಕು. ಕೋಟೆಯ ಹಿಂದಿನ ಇಳಿಜಾರಿನಲ್ಲಿ, ಚಂದ್ರವಳ್ಳಿ ಕೆರೆಯ ದಂಡೆಯಲ್ಲಿ, ರಸ್ತೆಯಂಚಿನ ಅಂಗೈಯಗಲದ ಮಣ್ಣಿನಲ್ಲಿ ಕೂಡ ಅಷ್ಟು ಬಗೆಯ ಸಣ್ಣ ಗಿಡಗಳು ಹೂಬಿಡುತ್ತಿರುತ್ತವೆ. ಸಣ್ಣವಾದ್ದರಿಂದಲೇ ಅವುಗಳನ್ನು ಬಗ್ಗಿ ನೋಡುವವರು ಕಡಿಮೆ.

ತರಗತಿಯಲ್ಲಿ ಅದನ್ನು ‘ಯುಫೋರ್ಬಿಯಾ ಪ್ರೊಸ್ಟ್ರಾಟ ಇರಬೇಕು’ ಎಂದು ಹೇಳಿ, ಖಚಿತಪಡಿಸಿಕೊಳ್ಳಲು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ಈ ಕುಲದ ಹೂವನ್ನು ಮೊದಲ ಬಾರಿ ನೋಡುವ ಮಕ್ಕಳ ಮುಖ ನೋಡುವುದು ನನಗೆ ಪ್ರತಿ ವರ್ಷದ ಸಂತೋಷ. ಬರಿಗಣ್ಣಿಗೆ ಒಂದು ಹೂವಿನಂತೆ ಕಾಣುವುದು ವಾಸ್ತವವಾಗಿ ಒಂದು ಪುಟ್ಟ ಬಟ್ಟಲು. ಅದಕ್ಕೆ ಸಯಾಥಿಯಂ ಎಂದು ಹೆಸರು. ಬಟ್ಟಲಿನ ಅಂಚಿನಲ್ಲಿ ನಾಲ್ಕು ಗ್ರಂಥಿಗಳು, ಗ್ರಂಥಿಗಳಿಗೆ ಎಸಳಿನಂಥ ಬಿಳಿ ಅಂಚು, ಒಳಗೆ ಒಂದೊಂದೇ ಕೇಸರವಿರುವ ಗಂಡು ಹೂಗಳು, ನಡುವೆ ಒಂದೇ ಒಂದು ಹೆಣ್ಣು ಹೂವು. ಆ ಹೆಣ್ಣು ಹೂವು ಕಾಯಾದಾಗ ತೊಟ್ಟು ಬಾಗಿ ಬಟ್ಟಲಿನಿಂದ ಹೊರಗೆ ಜೋಲುತ್ತದೆ. ಕಾಯಿಗೆ ಮೂರು ಹೋಳು, ಹೋಳಿಗೊಂದು ಬೀಜ.

ಇಂಥ ಗಿಡಗಳನ್ನು ಬೇರ್ಪಡಿಸುವುದು ಈ ಕಾಯಿಯ ಮೇಲಿನ ರೋಮದಿಂದ. ಪ್ರೊಸ್ಟ್ರಾಟದ ಕಾಯಿಯಲ್ಲಿ ರೋಮಗಳಿರುವುದು ಮೂರು ಏಣುಗಳ ಮೇಲೆ ಮಾತ್ರ. ಥೈಮಿಫೋಲಿಯಾದ ಕಾಯಿಯ ಮೈಯೆಲ್ಲ ರೋಮ, ಜೊತೆಗೆ ಅದು ಬಟ್ಟಲಿನಿಂದ ಪೂರ್ತಿ ಹೊರಬಾರದೆ ಬಟ್ಟಲಿನ ಪಕ್ಕವನ್ನು ಸೀಳಿಕೊಂಡು ದಪ್ಪಗಾಗುತ್ತದೆ. ಸರ್ಪೆನ್ಸ್ ಎಂಬುದಕ್ಕೆ ರೋಮವೇ ಇಲ್ಲ. ಅದರ ಎಲೆಯಂಚು ನಯ, ಬೀಜವೂ ನಯ, ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ, ಎದುರುಬದುರು ಎಲೆಗಳ ತೊಟ್ಟಿನ ಬುಡದಲ್ಲಿ ಒಂದು ಬಿಳಿ ತ್ರಿಕೋನ ಪೊರೆ ಇರುತ್ತದೆ. ಸಸ್ಯಶಾಸ್ತ್ರದ ತರಗತಿಯಲ್ಲಿ ಸ್ಟಿಪ್ಯೂಲ್ ಎನ್ನುವುದು ಅದನ್ನೇ.

ನಮ್ಮ ಗಿಡದಲ್ಲಿ ಎಲ್ಲೂ ರೋಮವಿರಲಿಲ್ಲ. ಹಾಗಾದರೆ ಸರ್ಪೆನ್ಸ್ ಎನ್ನೋಣವೆಂದರೆ ಎಲೆಯ ತುದಿಯಂಚಿನಲ್ಲಿ ಸಣ್ಣ ಹಲ್ಲುಗಳಿದ್ದವು, ಗೆಣ್ಣಿನಲ್ಲಿ ಬೇರಿರಲಿಲ್ಲ, ಸ್ಟಿಪ್ಯೂಲುಗಳು ಕೂಡಿಕೊಳ್ಳದೆ ಎಳೆಎಳೆಯಾಗಿ ಸೀಳಿದ್ದವು. ಕಾಯಿ ಬಿಡಿಸಿದರೆ ರಾಗಿ ಕಾಳಿಗಿಂತ ಚಿಕ್ಕದಾದ ಬೀಜದ ಮೇಲೆ ಅಡ್ಡಕ್ಕೆ ಏರುಗೆರೆಗಳು ಸ್ಪಷ್ಟವಾಗಿ ಎದ್ದಿದ್ದವು. ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತ್ಯದ ಸಸ್ಯಕೋಶದ ಕೀಲಿಯಲ್ಲಿ, ಅಂದರೆ ಎರಡೆರಡು ಲಕ್ಷಣಗಳಲ್ಲಿ ಒಂದನ್ನು ಆರಿಸುತ್ತಾ ಹೆಸರು ತಲುಪುವ ಪಟ್ಟಿಯಲ್ಲಿ, ಇಟ್ಟು ನೋಡಿದೆ, ದಾವಣಗೆರೆ ಜಿಲ್ಲೆಯ ಸಸ್ಯಕೋಶದಲ್ಲಿ ನೋಡಿದೆ. ಎಲ್ಲಿ ಹೋದರೂ ಒಂದು ಹಂತದಲ್ಲಿ ಎರಡೂ ದಾರಿ ಮುಚ್ಚುತ್ತಿದ್ದವು.

ಹೀಗಾದಾಗ ಹೊಸತೊಂದು ಸಿಕ್ಕಿತು ಎಂದು ಹಿಗ್ಗುವುದಕ್ಕಿಂತ ಮೊದಲು ಮಾಡಬೇಕಾದದ್ದು ಹಳೆಯದರ ಪರವಾಗಿ ವಾದಿಸುವುದು. ಪ್ರೊಸ್ಟ್ರಾಟದ ಕಾಯಿ ಬಲಿತಾಗ ಏಣಿನ ರೋಮ ಉದುರಿಹೋಗಿರಬಹುದಲ್ಲವೇ? ಕುಂಡದ ಗೊಬ್ಬರದ ಮಣ್ಣಿನಲ್ಲಿ ಬೆಳೆದದ್ದರಿಂದ ರೋಮ ಕಡಿಮೆಯಾಗಿರಬಹುದಲ್ಲವೇ? ಈ ಕುಲವನ್ನು ಬಹುಕಾಲ ಅಭ್ಯಾಸ ಮಾಡಿದ ಹಿರಿಯ ತಜ್ಞರೊಬ್ಬರಿಗೆ ಚಿತ್ರಗಳನ್ನು ಮಿಂಚಂಚೆಯಲ್ಲಿ ಕಳುಹಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೂ ಇದೇ. “ಬಲಿತ ಕಾಯಿಯನ್ನು ಬಿಡಿ. ಹೂವು ಅರಳುವ ಹೊತ್ತಿನ ಅಂಡಾಶಯವನ್ನು ನೋಡಿ. ಕಾಂಡದ ಮೇಲ್ಬದಿಯನ್ನು, ಕೆಳಬದಿಯನ್ನು ಬೇರೆಬೇರೆಯಾಗಿ ನೋಡಿ. ಸ್ಟಿಪ್ಯೂಲುಗಳೂ ಮೇಲೆ ಒಂದು ಥರ, ಕೆಳಗೆ ಒಂದು ಥರ ಇರಬಹುದು. ಆಮೇಲೆ ಮಾತಾಡೋಣ” ಎಂದು ಬರೆದರು. ನೆಲಕ್ಕಂಟಿ ಬೆಳೆಯುವ ಗಿಡಕ್ಕೆ ಆಕಾಶದ ಕಡೆಯ ಮುಖ ಬೇರೆ, ಮಣ್ಣಿನ ಕಡೆಯ ಮುಖ ಬೇರೆ ಎಂಬುದನ್ನು ಇಷ್ಟು ವರ್ಷ ಪಾಠ ಹೇಳಿದ ಮೇಲೂ ಅಷ್ಟು ತೀಕ್ಷ್ಣವಾಗಿ ಯೋಚಿಸುವಂತೆ ಮಾಡಿದ್ದು ಆ ಪತ್ರ.

ನರ್ಸರಿಗೆ ಹೋದೆವು. ಅಲ್ಲಿ ಕುಂಡಗಳ ಕಳೆ ತೆಗೆಯುತ್ತಿದ್ದ ಹಿರಿಯ ಹೆಂಗಸು ನಮ್ಮ ಹುಡುಕಾಟ ನೋಡಿ ಹತ್ತಿರ ಬಂದರು. “ಈ ಹಾಲಿನ ಸೊಪ್ಪು ಬೇಕಿತ್ತಾ ಮೇಡಂ? ಆ ಕಡೆ ಬನ್ನಿ, ನೆರಳುಬಲೆಯ ಹೊರಗೆ ಬಹಳ ಇದೆ. ಒಳಗೆ ನೆರಳಿಗೆ ಅಷ್ಟು ಬೆಳೆಯುವುದಿಲ್ಲ” ಎಂದರು. ಈ ಗುಂಪಿನ ಬಹುಪಾಲು ಯುಫೋರ್ಬಿಯಾಗಳು ಮೆಕ್ಕೆಜೋಳದ ಹಾಗೆ ಸಿ4 ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಗಿಡಗಳು. ಬಿಸಿಲು, ಒಣ ಹವೆ ಅವುಗಳಿಗೆ ಒಗ್ಗುತ್ತವೆ. ಅದನ್ನು ಅವರು ಕೈಯಿಂದ ಕಿತ್ತು ಕಿತ್ತು ತಿಳಿದಿದ್ದರು. “ಅಕ್ಕ, ಇದು ಯಾವಾಗಿನಿಂದ ಇದೆ?” ಎಂದು ಕೇಳಿದೆ. “ಮೊದಲು ಇರಲಿಲ್ಲ. ಹೊರಗಿನಿಂದ ಲಾರಿಯಲ್ಲಿ ಸಸಿ ತರಿಸುವುದಕ್ಕೆ ಶುರು ಮಾಡಿದ ಮೇಲೆ ನೋಡಿದ್ದು. ಇವತ್ತು ಕಿತ್ತರೆ ಹದಿನೈದು ದಿನಕ್ಕೆ ಮತ್ತೆ ಹೂವು” ಎಂದರು. ಅವರ ಮಾತನ್ನು ಕ್ಷೇತ್ರ ಟಿಪ್ಪಣಿಯಲ್ಲಿ ಇದ್ದಹಾಗೆಯೇ ಬರೆದುಕೊಂಡೆ. ಒಂದು ಗಿಡ ಯಾವಾಗ ಬಂತು ಎನ್ನುವುದಕ್ಕೆ ಅದನ್ನು ದಿನವೂ ಕೀಳುವವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಸಂಗ್ರಹದ ಕೆಲಸ ಸರಳ, ಆದರೆ ಶಿಸ್ತು ಬೇಡುತ್ತದೆ. ಗಿಡವನ್ನು ತಾಯಿಬೇರಿನೊಂದಿಗೆ ಎಬ್ಬಿಸಬೇಕು. ಹಸಿಯಾಗಿದ್ದಾಗ ಮಾತ್ರ ಕಾಣುವುದನ್ನು, ಅಂದರೆ ಹಾಲು, ಕಾಂಡದ ಕೆಂಪು, ಗ್ರಂಥಿಯ ಬಣ್ಣ, ಇವನ್ನು ಅಲ್ಲೇ ಬರೆಯಬೇಕು. ಜಾಗದ ಅಕ್ಷಾಂಶ ರೇಖಾಂಶ, ಎತ್ತರ, ಮಣ್ಣು, ಜೊತೆಯಲ್ಲಿ ಬೆಳೆದ ಗಿಡಗಳು, ದಿನಾಂಕ, ಸಂಗ್ರಹಕಾರರ ಕ್ರಮಸಂಖ್ಯೆ. ಇಂಥ ಪುಟ್ಟ ಗಿಡವಾದರೆ ಒಂದು ಹಾಳೆಗೆ ಹಲವು ಗಿಡ ಬೇಕು: ಕೆಲವನ್ನು ಮೇಲ್ಮುಖವಾಗಿ, ಕೆಲವನ್ನು ಮಗುಚಿ ಜೋಡಿಸಬೇಕು. ಹಳೆಯ ಪತ್ರಿಕೆಯ ನಡುವೆ ಇಟ್ಟು ಒತ್ತುಹಲಗೆ ಬಿಗಿದು ದಿನವೂ ಕಾಗದ ಬದಲಿಸುತ್ತಿದ್ದೆವು. ಹಾಲು ಒಸರುವ ಗಿಡ ಕಾಗದಕ್ಕೆ ಅಂಟುತ್ತದೆ, ಕಾಯಿ ಒಣಗುವಾಗ ಸಿಡಿದು ಬೀಜ ಹಾರಿಸುತ್ತದೆ. ಆದ್ದರಿಂದ ಬೀಜಕ್ಕೆಂದು ಕೆಲವು ಗಿಡಗಳನ್ನು ಕಾಗದದ ಲಕೋಟೆಯಲ್ಲಿಟ್ಟು ಒಣಗಿಸಿದೆವು, ಹೂಗಳನ್ನು ಶೇಕಡಾ ಎಪ್ಪತ್ತರಷ್ಟು ಪ್ರಮಾಣದ ಮದ್ಯಸಾರದಲ್ಲಿ ಹಾಕಿಟ್ಟೆವು. ಒಣಗಿದ ಗಿಡಗಳನ್ನು ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ಹಾಳೆಗೆ ಹೊಲಿದು ಅಂಟಿಸಿ, ಬಿಡಿ ಚೂರುಗಳಿಗೆ ಮೂಲೆಯಲ್ಲಿ ಒಂದು ಪುಟ್ಟ ಕಾಗದದ ಪೊಟ್ಟಣ ಮಾಡಿದೆವು. ಆ ಪೊಟ್ಟಣದ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಎಳೆಯ ಅಂಡಾಶಯಗಳೂ ಬೋಳಾಗಿದ್ದವು. ಕಾಂಡ ಎರಡೂ ಬದಿಯಲ್ಲಿ ಬೋಳು. ಬೀಜದ ಏರುಗೆರೆ ಒಂದು ಗಿಡದಿಂದ ಇನ್ನೊಂದಕ್ಕೆ ಬದಲಾಗಲಿಲ್ಲ. ತಜ್ಞರು ಅಮೆರಿಕ ಖಂಡದ ಒಂದು ಪ್ರಭೇದದ ಹೆಸರು ಸೂಚಿಸಿ, ಅದರ ಮೂಲ ವಿವರಣೆಯನ್ನು ಓದಿ ನೀವೇ ತೀರ್ಮಾನಿಸಿ ಎಂದರು. ಚಿತ್ರದುರ್ಗದ ಮನೆಯಲ್ಲಿ ಕುಳಿತು ಶತಮಾನಗಳ ಹಿಂದಿನ ಲ್ಯಾಟಿನ್ ವಿವರಣೆಯನ್ನು ತೆರೆದು ಓದಲು ಈಗ ಸಾಧ್ಯ. ಜೀವವೈವಿಧ್ಯದ ಹಳೆಯ ಗ್ರಂಥಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿರುವ ಜಾಲತಾಣಗಳಿವೆ. ಲಿನೇಯಸ್ 1753ರಲ್ಲಿ ಪ್ರಕಟಿಸಿದ ಪುಟಗಳನ್ನೂ ನೋಡಬಹುದು, ನಮ್ಮ ಅಂಗಳದ ಹಿರ್ಟಾ, ಥೈಮಿಫೋಲಿಯಾಗಳ ಹೆಸರು ಇರುವುದು ಅಲ್ಲಿಯೇ. ತಜ್ಞರು ಸೂಚಿಸಿದ ಹೆಸರಿಗೆ ಆಧಾರವಾದ ಮೂಲ ಹಾಳೆಯ ಚಿತ್ರವನ್ನೂ ದೊಡ್ಡದು ಮಾಡಿ ನೋಡಿದೆವು. ಕಿರಿಯ ಸಹೋದ್ಯೋಗಿಯೊಬ್ಬರು ನಮ್ಮ ಬೀಜದ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ಅಳತೆ ಹೊಂದಿಸಿದಾಗ ಗುರುತಿನ ಪ್ರಶ್ನೆ ಮುಗಿಯಿತು.

ಉಳಿದದ್ದು ಇನ್ನೊಂದು ಪ್ರಶ್ನೆ: ಭಾರತದಲ್ಲಿ ಇದನ್ನು ಯಾರಾದರೂ ಮೊದಲೇ ಕಂಡಿದ್ದಾರೆಯೇ?

ಹೂಕರ್ ಅವರ ಬ್ರಿಟಿಷ್ ಇಂಡಿಯಾದ ಸಸ್ಯಕೋಶದಿಂದ ಶುರು ಮಾಡಿದೆವು. ಏಳು ಸಂಪುಟಗಳಲ್ಲಿ 1872ರಿಂದ 1897ರವರೆಗೆ ಬಂದ ಆ ಗ್ರಂಥದ ಐದನೆಯ ಸಂಪುಟದಲ್ಲಿ ಈ ಕುಟುಂಬವಿದೆ. ಆಮೇಲೆ ಗ್ಯಾಂಬಲ್. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಬಂದ ಕಳೆಗಳಿಗೆ ಇವೆರಡೂ ಉತ್ತರ ಕೊಡಲಾರವು. ಭಾರತದ ಯುಫೋರ್ಬಿಯಾ ಕುಲದ ಸಮಗ್ರ ಪರಿಷ್ಕರಣೆ 2010ರಲ್ಲಿ ಬಂದಿದೆ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ ಪ್ರಕಟಿಸಿದ ಭಾರತದ ಸಸ್ಯಕೋಶದ 23ನೆಯ ಸಂಪುಟ 2012ರದು. ಎರಡರಲ್ಲೂ ನಮ್ಮ ಗಿಡವಿಲ್ಲ. ಅದರ ನಂತರದ ವರ್ಷಗಳ ಪತ್ರಿಕೆಗಳನ್ನು ಒಂದೊಂದಾಗಿ ನೋಡಬೇಕಾಯಿತು. ಇಲ್ಲಿ ಒಂದು ತೊಡಕಿದೆ. ನೆಲಹರಡುವ ಈ ಗುಂಪನ್ನು ಕೆಲವು ವಿದ್ವಾಂಸರು ಕ್ಯಾಮೆಸೈಸಿ ಎಂಬ ಪ್ರತ್ಯೇಕ ಕುಲವಾಗಿ ಎಣಿಸುತ್ತಿದ್ದರು. ಡಿಎನ್‌ಎ ಆಧಾರಿತ ವಂಶಾವಳಿ ಅಧ್ಯಯನಗಳ ನಂತರ ಅದು ಮತ್ತೆ ಯುಫೋರ್ಬಿಯಾದೊಳಗೆ ಸೇರಿತು. ಆದ್ದರಿಂದ ಹಳೆಯ ದಾಖಲೆಯೊಂದು ಇದ್ದರೆ ಅದು ಯಾವ ಹೆಸರಿನಡಿ ಮಲಗಿದೆಯೋ ತಿಳಿಯುವುದಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾಲತಾಣದಲ್ಲಿ ಆ ಪ್ರಭೇದದ ಎಲ್ಲ ಪರ್ಯಾಯ ಹೆಸರುಗಳನ್ನು ಪಟ್ಟಿ ಮಾಡಿಕೊಂಡು ಪ್ರತಿಯೊಂದರ ಹೆಸರಿನಲ್ಲೂ ಹುಡುಕಿದೆವು.

ಇಷ್ಟೊಂದು ಹುಡುಕಾಟ ಏಕೆ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ನಾನು ಪಾರ್ಥೇನಿಯಂನ ಕಥೆ ಹೇಳುತ್ತಿದ್ದೆ. ಇಂದು ದಾವಣಗೆರೆಯಿಂದ ಚಳ್ಳಕೆರೆಯವರೆಗೆ ಖಾಲಿ ನಿವೇಶನವೊಂದಿದ್ದರೆ ಅಲ್ಲಿ ಕಾಂಗ್ರೆಸ್ ಹುಲ್ಲು ಇದ್ದೇ ಇರುತ್ತದೆ. ಪುಣೆಯಲ್ಲಿ ಕಂಡ ಅದನ್ನು ‘ಭಾರತಕ್ಕೆ ಹೊಸ ದಾಖಲೆ’ ಎಂದು ಆರ್. ಎಸ್. ರಾವ್ 1956ರಲ್ಲಿ ಪ್ರಕಟಿಸಿದರು. ಆ ಗಿಡದ ಹೆಸರು ರಾಕ್ಸ್‌ಬರ್ಗ್ ಅವರ 1814ರ ಕಲ್ಕತ್ತಾ ಸಸ್ಯೋದ್ಯಾನದ ಪಟ್ಟಿಯಲ್ಲೇ ಇದೆ ಎಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ಇದರಿಂದ 1956ರ ಲೇಖನದ ಬೆಲೆ ನನ್ನ ಕಣ್ಣಿನಲ್ಲಿ ಕಡಿಮೆಯಾಗಿಲ್ಲ. ಉದ್ಯಾನದಲ್ಲಿ ನೆಟ್ಟ ಗಿಡ ಬೇರೆ, ಹೊಲ ಬೀದಿಗಳಲ್ಲಿ ತಾನೇ ಹಬ್ಬುತ್ತಿರುವ ಗಿಡ ಬೇರೆ. ಆ ಎರಡನೆಯದನ್ನು ಮೊದಲು ದಾಖಲಿಸಿದ್ದು ಆ ಲೇಖನ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟದ್ದು 1984ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ರೈತರ ತೋಳಿನ ಮೇಲೆ ಆ ಗಿಡದಿಂದ ಆದ ತುರಿಕೆಯ ಗಾಯ ಸಾಮಾನ್ಯ ದೃಶ್ಯವಾಗಿತ್ತು. ಒಂದು ಗಿಡ ಎಲ್ಲಿಗೆ, ಯಾವಾಗ ಬಂತು ಎಂದು ಗೊತ್ತಿದ್ದರೆ ಅದು ಹಬ್ಬುವ ವೇಗ ಅಳೆಯಬಹುದು, ಹಬ್ಬುವ ದಾರಿ ಊಹಿಸಬಹುದು. ಗೊತ್ತಿಲ್ಲದಿದ್ದರೆ ಅದು ಎಲ್ಲ ಕಡೆ ಆದ ಮೇಲೆ ಎಣಿಸುತ್ತಾ ಕೂರಬೇಕು. ನಮ್ಮ ಪುಟ್ಟ ಯುಫೋರ್ಬಿಯಾ ಪಾರ್ಥೇನಿಯಂನಂತೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ತಾರೀಖು ಬರೆದಿಡುವುದು ನಮ್ಮ ಕೆಲಸ.

ಪುಸ್ತಕಗಳ ನಂತರ ಹಾಳೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ, ಜೆಸಿಬಿ ಎಂಬ ಸಂಕೇತದ ಹರ್ಬೇರಿಯಂ ಕರ್ನಾಟಕದ ಗಿಡಗಳಿಗೆ ಮೊದಲು ಹೋಗಬೇಕಾದ ಜಾಗ. ಸಸ್ಯಶಾಸ್ತ್ರಜ್ಞ ಸಲ್ಡಾನ್ಹಾ ಅವರು ಹಾಸನ ಜಿಲ್ಲೆಯ ಸಸ್ಯಕೋಶಕ್ಕೂ ಕರ್ನಾಟಕದ ಸಸ್ಯಕೋಶಕ್ಕೂ ಮಾಡಿದ ಸಂಗ್ರಹ ಅಲ್ಲಿದೆ. ಅಲ್ಲಿಂದ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂಗೆ ಹೋದೆವು. ಇಂಥ ಕಡೆ ಮೊದಲು ಪತ್ರ ಬರೆದು ಅನುಮತಿ ಪಡೆಯಬೇಕು. ಹಾಳೆಗಳನ್ನು ಪುಸ್ತಕದ ಪುಟದ ಹಾಗೆ ಮಗುಚುವಂತಿಲ್ಲ. ಒಂದೊಂದನ್ನೂ ಮಟ್ಟಸವಾಗಿ ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಅದೇ ಕ್ರಮದಲ್ಲಿ ಜೋಡಿಸಬೇಕು. ಹೌರಾದ ಕೇಂದ್ರೀಯ ಹರ್ಬೇರಿಯಂಗೆ ಹೋಗಲಾಗದೆ ಅಲ್ಲಿನ ಹಾಳೆಗಳನ್ನು ಡಿಜಿಟಲ್ ಚಿತ್ರಗಳಲ್ಲಿ ಎಷ್ಟು ಸಿಗುತ್ತವೋ ಅಷ್ಟು ನೋಡಿದೆವು.

ಹುಡುಕುವುದು ನಮ್ಮ ಪ್ರಭೇದದ ಹೆಸರಿನ ಕಡತವನ್ನಲ್ಲ. ಅಂಥ ಕಡತ ಇರಲೇ ಇಲ್ಲ. ಹೋಲುವ ಪ್ರಭೇದಗಳ ಕಡತಗಳಲ್ಲಿ, ಗುರುತಿಸದೆ ಉಳಿದ ಹಾಳೆಗಳ ಕಟ್ಟಿನಲ್ಲಿ ಹುಡುಕಬೇಕು. ಪ್ರೊಸ್ಟ್ರಾಟ ಎಂಬ ಹೆಸರಿನಡಿ ಬಳ್ಳಾರಿ, ಧಾರವಾಡ, ಮೈಸೂರು, ಕಡಪ ಹೀಗೆ ಎಲ್ಲೆಲ್ಲಿಂದಲೋ ಬಂದ ಹಾಳೆಗಳು. ರೈಲು ನಿಲ್ದಾಣದ ಬಳಿ, ತೋಟದ ಕಾಲುದಾರಿ, ದೇವಸ್ಥಾನದ ಅಂಗಳ ಎಂದು ಚೀಟಿಗಳಲ್ಲಿ ಬರೆದಿತ್ತು. ಬಿಸಿಲಿನಲ್ಲಿ ಬಗ್ಗಿ ಇಂಥ ನಗಣ್ಯವೆನಿಸುವ ಗಿಡವನ್ನು ಕಿತ್ತು, ಒಣಗಿಸಿ, ದಿನಾಂಕ ಬರೆದಿಟ್ಟ ಆ ಅಪರಿಚಿತರ ಬಗ್ಗೆ ನನಗೆ ಅಪಾರ ಗೌರವ. ಅವರು ತಮ್ಮ ಕೆಲಸ ಮಾಡಿರದಿದ್ದರೆ ನಾನು ‘ಇಲ್ಲ’ ಎಂಬ ಮಾತನ್ನು ಯಾವ ಆಧಾರದ ಮೇಲೆ ಹೇಳಬೇಕಿತ್ತು?

ಒಂದು ಹಾಳೆ ಮಾತ್ರ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬೋಳು ಎನಿಸುವ ಕಾಂಡ, ಹಲ್ಲಿನ ಎಲೆಯಂಚು, ಬಿಡಿಬಿಡಿ ಸ್ಟಿಪ್ಯೂಲು. ಕಾಯಿ ಮಾತ್ರ ಒಂದೂ ಇರಲಿಲ್ಲ. ಅದು ನಮ್ಮ ಗಿಡವೇ ಆಗಿದ್ದರೆ ನಮ್ಮ ಲೇಖನದ ಶೀರ್ಷಿಕೆಯೇ ಬದಲಾಗಬೇಕಿತ್ತು. ಬದಲಿಸಲು ಸಿದ್ಧಳಾಗಿಯೇ ಇದ್ದೆ. ದಶಕಗಳ ಹಿಂದೆಯೇ ಗಿಡ ಬಂದಿತ್ತು ಎಂದು ಗೊತ್ತಾಗುವುದು ಇನ್ನೂ ಮುಖ್ಯವಾದ ಸುದ್ದಿ. ಹಾಳೆಯ ಮೂಲೆಯಲ್ಲಿ ಮಡಿಸಿದ ಪೊಟ್ಟಣವಿತ್ತು. ಅಲ್ಲಿನ ಸಿಬ್ಬಂದಿಯ ಅನುಮತಿ ಕೇಳಿ, ಅವರ ಎದುರಿನಲ್ಲೇ ಬಿಳಿ ಹಾಳೆಯ ಮೇಲೆ ಬಿಚ್ಚಿದೆವು. ಉದುರಿದ ಎಲೆಗಳ ನಡುವೆ ಸಿಡಿದುಹೋದ ಕಾಯಿಯ ಒಂದೇ ಒಂದು ಹೋಳು. ಲೆನ್ಸಿನಲ್ಲಿ ಹಿಡಿದಾಗ ಅದರ ಏಣಿನುದ್ದಕ್ಕೂ ರೋಮಗಳ ಸಾಲು ಸ್ಪಷ್ಟವಾಗಿತ್ತು. ಪ್ರೊಸ್ಟ್ರಾಟವೇ. ಕಾಂಡವನ್ನು ಮತ್ತೆ ನೋಡಿದಾಗ ಮೇಲ್ಬದಿಯಲ್ಲಿ ಸಣ್ಣ ರೋಮಗಳೂ ಕಂಡವು, ಅಂಟಿನಡಿ ಅಡಗಿದ್ದವು. ಬಹಳ ಹಿಂದೆ ಯಾರೋ ಒಂದು ಚೂರನ್ನೂ ಎಸೆಯದೆ ಪೊಟ್ಟಣ ಕಟ್ಟಿದ್ದರಿಂದ ಆ ದಿನ ನಮಗೆ ಉತ್ತರ ಸಿಕ್ಕಿತು.

ಇಷ್ಟಾದರೂ ಲೇಖನ ಬರೆಯುವ ಹಂತಕ್ಕೆ ಬಂದಿರಲಿಲ್ಲ. ನರ್ಸರಿಯ ಕುಂಡದಲ್ಲಿ ಮಾತ್ರ ಇರುವ ಕಳೆಯನ್ನು ದೇಶದ ಸಸ್ಯಸಂಪತ್ತಿಗೆ ಸೇರಿಸುವುದು ಸರಿಯಲ್ಲ. ಅಲೆದುಬಂದು ಒಂದು ಋತು ಬದುಕಿ ಹೋಗುವ ಗಿಡ ಬೇರೆ, ಮನುಷ್ಯರ ನೆರವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ತನ್ನ ಬೀಜದಿಂದ ತಾನೇ ಮುಂದುವರಿಯುವ ಗಿಡ ಬೇರೆ. ಎರಡನೆಯದನ್ನು ಮಾತ್ರ ನೆಲೆಗೊಂಡ ಗಿಡ ಎನ್ನುತ್ತಾರೆ. ಹಾಗಾಗಿ ಮುಂದಿನ ಮಳೆಗಾಲಗಳಿಗೆ ಕಾದೆವು. ಹೆದ್ದಾರಿಯ ಸರ್ವಿಸ್ ರಸ್ತೆಯ ಅಂಚಿನಲ್ಲಿ, ಚರಂಡಿಯ ಕಲ್ಲುಚಪ್ಪಡಿಗಳ ಸಂದಿಯಲ್ಲಿ, ದಾವಣಗೆರೆಯ ಕಡೆಗೆ ಆನಗೋಡಿನ ಸುತ್ತ, ಚಿಕ್ಕಜಾಜೂರು ಜಂಕ್ಷನ್‌ನ ಹೊರಗಿನ ಜಲ್ಲಿರಾಶಿಯ ಪಕ್ಕದಲ್ಲಿ ಅದು ಸಿಕ್ಕಿತು. ಒಂದು ಕಡೆ ಗುರುತು ಮಾಡಿಟ್ಟ ಗುಂಪನ್ನು ರಸ್ತೆ ಸ್ವಚ್ಛತೆಯವರು ಗುದ್ದಲಿಯಿಂದ ಹೆರೆದು ಹಾಕಿದ್ದರು. ಆ ಜಾಗವನ್ನು ಪಟ್ಟಿಯಿಂದ ತೆಗೆಯೋಣವೆಂದು ವಿದ್ಯಾರ್ಥಿಗಳು ಹೇಳಿದಾಗ ಬೇಡವೆಂದೆ. ಮುಂದಿನ ಚಿತ್ತೆ ಮಳೆಗೆ ಅಲ್ಲೇ ಹೊಸ ಮೊಳಕೆಗಳು ಎದ್ದವು; ಹೆರೆದರೂ ಮಣ್ಣಿನಲ್ಲಿ ಬೀಜ ಉಳಿದಿತ್ತು. ಗಿಡ ನೆಲೆಗೊಂಡಿದೆ ಎನ್ನಲು ನಮಗೆ ಸಿಕ್ಕ ಅತ್ಯಂತ ಗಟ್ಟಿಯಾದ ಪುರಾವೆ ಅದು. ಈ ಗುಂಪಿನ ಹಲವು ಪ್ರಭೇದಗಳ ಬೀಜ ಒದ್ದೆಯಾದಾಗ ಲೋಳೆ ಬಿಡುತ್ತದೆ, ಚಪ್ಪಲಿಗೂ ಚಕ್ರಕ್ಕೂ ಅಂಟಲು ಅಷ್ಟು ಸಾಕು.

ಸಿಗದ ಜಾಗಗಳನ್ನೂ ಅಷ್ಟೇ ಎಚ್ಚರದಿಂದ ಬರೆದುಕೊಂಡೆವು. ಕೋಟೆಯ ಬಂಡೆಸಂದಿಗಳಲ್ಲಿ ಇಲ್ಲ. ಜೋಗಿಮಟ್ಟಿಗೆ ಹೋಗುವ ದಾರಿಯ ಬದಿಯಲ್ಲಿಯೂ ಕಾಣಲಿಲ್ಲ. ಜೋಗಿಮಟ್ಟಿಯಂಥ ಸಂರಕ್ಷಿತ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳುವಂತಿಲ್ಲ, ಕೀಳಬಾರದು ಕೂಡ. ರಸ್ತೆಯಿಂದ ಕಣ್ಣಾಡಿಸಿದಷ್ಟೇ. ಗಿಡ ಇನ್ನೂ ಮನುಷ್ಯರು ಕಲಕಿದ ಮಣ್ಣಿನಲ್ಲೇ ಇದೆ, ಬೆಟ್ಟದ ಹುಲ್ಲುಗಾವಲಿಗೆ ಏರಿಲ್ಲ ಎಂಬ ಆ ಒಂದು ಸಾಲು ನಮ್ಮ ಲೇಖನದಲ್ಲಿ ಮುಖ್ಯವಾದದ್ದು ಎಂದು ನನ್ನ ನಂಬಿಕೆ. ಹತ್ತು ವರ್ಷದ ನಂತರ ಯಾರಾದರೂ ಅಲ್ಲಿ ಅದನ್ನು ಕಂಡರೆ ಹೋಲಿಸಲು ಅವರಿಗೊಂದು ಆಧಾರವಿರುತ್ತದೆ.

ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಕೈ ಹಿಡಿದೆ. ನರ್ಸರಿಯ ಸಸಿಗಳು ಬೇರೆ ರಾಜ್ಯಗಳಿಂದ ಬರುತ್ತವೆ, ಹೆದ್ದಾರಿಯಲ್ಲಿ ದೇಶದ ಎರಡು ತುದಿಗಳ ಲಾರಿಗಳು ಓಡುತ್ತವೆ, ಪಕ್ಕದಲ್ಲೇ ರೈಲು ಹಳಿ. ಊಹೆಗೆ ಜಾಗ ಬಹಳ, ಪುರಾವೆ ಇಲ್ಲ. ‘ಅಲಂಕಾರಿಕ ಸಸಿಗಳ ಕುಂಡದ ಮಣ್ಣಿನ ಮೂಲಕ ಹರಡುತ್ತಿರುವ ಸಾಧ್ಯತೆ ಇದೆ’ ಎಂದಷ್ಟೇ ಬರೆದು, ನರ್ಸರಿಯ ಅಕ್ಕ ಹೇಳಿದ್ದನ್ನು ಸ್ಥಳೀಯ ಹೇಳಿಕೆ ಎಂದು ಸೇರಿಸಿದೆವು.

ಹೊಸ ಪ್ರಭೇದಕ್ಕೆ ಹೆಸರಿಡುವವರಿಗೆ ಇರುವ ನಾಮಕರಣದ ನಿಯಮಗಳು ಹೊಸ ದಾಖಲೆಗೆ ಅನ್ವಯವಾಗುವುದಿಲ್ಲ. ಹೆಸರು ಮೊದಲೇ ಇದೆ, ಮೂಲ ಹಾಳೆಯೂ ಬೇರೆ ದೇಶದಲ್ಲಿದೆ. ಇಲ್ಲಿ ಕೇಳುವುದು ಬೇರೆಯದನ್ನೇ: ಭಾರತದ ಗಿಡಗಳನ್ನು ನೋಡಿ ಬರೆದ ಪೂರ್ತಿ ವಿವರಣೆ, ಹೋಲುವ ಪ್ರಭೇದಗಳಿಂದ ಬೇರ್ಪಡಿಸುವ ಕೀಲಿ, ಅಳತೆಪಟ್ಟಿ ಇರುವ ಚಿತ್ರಗಳು, ಪರೀಕ್ಷಿಸಿದ ಹಾಳೆಗಳ ಪಟ್ಟಿ, ಮಾನ್ಯ ಹರ್ಬೇರಿಯಂಗೆ ಒಪ್ಪಿಸಿದ ಹಾಳೆಯ ದಾಖಲಾತಿ ಸಂಖ್ಯೆ. ಕಾಲೇಜಿನ ಕಪಾಟಿನಲ್ಲಿ ಇಟ್ಟರೆ ಸಾಲದು. ಅಲ್ಲಿ ಇರುವೆಯೂ ಗೆದ್ದಲೂ ಸಂಶೋಧಕರಿಗಿಂತ ಮೊದಲು ತಲುಪುತ್ತವೆ. ಒಬ್ಬ ವಿಮರ್ಶಕರು ಸ್ಟಿಪ್ಯೂಲಿನ ಎರಡೂ ಬದಿಯ ಚಿತ್ರ ಕೇಳಿದರು. ಇನ್ನೊಬ್ಬರು ಬೀಜಗಳನ್ನು ಒಂದೇ ಗಿಡದಿಂದ ಅಳೆದಿದ್ದೀರೋ, ಬೇರೆ ಬೇರೆ ಜಾಗದ ಗಿಡಗಳಿಂದಲೋ ಎಂದು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳು, ಎರಡಕ್ಕೂ ಉತ್ತರ ಕೊಡುವಾಗ ಲೇಖನ ಉತ್ತಮವಾಯಿತು. ಮೊದಲ ಗಿಡ ತಂದ ವಿದ್ಯಾರ್ಥಿನಿ ಲೇಖಕರಲ್ಲಿ ಒಬ್ಬಳು. ಬೀಜದ ಅಳತೆಗಳನ್ನೆಲ್ಲ ಗ್ರಾಫ್ ಕಾಗದದ ಮೇಲಿಟ್ಟು ಮಾಡಿದವಳು ಅವಳೇ.

ಈಗ ಹಿರಿಯೂರು, ಹರಿಹರ, ಜಗಳೂರು ಕಡೆಯ ರಸ್ತೆಬದಿಗಳನ್ನು ನೋಡುವುದು ಬಾಕಿ ಇದೆ. ಆ ಊರುಗಳ ಶಿಕ್ಷಕರು, ವಿದ್ಯಾರ್ಥಿಗಳು, ನರ್ಸರಿಯವರು ನೆರವಾದರೆ ಕೆಲಸ ಬೇಗ ಆಗುತ್ತದೆ. ನೆಲಕ್ಕಂಟಿ ಹರಡಿದ, ಹಾಲು ಒಸರುವ, ಚಿಕ್ಕ ಎಲೆಯ ಗಿಡ ಕಂಡರೆ ಮೇಲಿನಿಂದ ಒಂದು ಚಿತ್ರ ತೆಗೆದು ಬಿಟ್ಟುಬಿಡಬೇಡಿ. ಒಂದು ರೆಂಬೆಯನ್ನು ಮಗುಚಿ ಕಾಂಡದ ಅಡಿಯನ್ನು ತೆಗೆಯಿರಿ, ಗೆಣ್ಣನ್ನು ಹತ್ತಿರದಿಂದ ತೆಗೆಯಿರಿ, ಕಾಯಿ ಜೋಲುತ್ತಿದ್ದರೆ ಅದನ್ನು ಬೆಳಕಿಗೆ ಅಡ್ಡ ಹಿಡಿದು ತೆಗೆಯಿರಿ, ರೋಮವಿದ್ದರೆ ಅಂಚಿನಲ್ಲಿ ಕಾಣುತ್ತದೆ. ಜಾಗ ಮತ್ತು ದಿನಾಂಕ ಬರೆದು, ಕಾಯಿಯಿರುವ ಗಿಡವೊಂದನ್ನು ಹಳೆಯ ಪತ್ರಿಕೆಯಲ್ಲಿ ಒತ್ತಿಡಿ. ಉದುರಿದ ಚೂರುಗಳನ್ನು ಎಸೆಯದೆ ಅದೇ ಕಾಗದದಲ್ಲಿ ಮಡಿಸಿ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತಲುಪಿಸಿ.